ಚಕ್ರವರ್ತಿಯ ತಮ್ಮನ ಮೊಮ್ಮಗ: ಬಾಲ್ಟಿಮೋರಿನ ಚಾರ್ಲ್ಸ್ ಬೋನಪಾರ್ಟ್

ನೆಪೋಲಿಯನ್ ಚಕ್ರವರ್ತಿಯ ಕಥೆಯನ್ನು ನಾವೆಲ್ಲ ಶಾಲೆಯ ಇತಿಹಾಸ ಪಾಠದಲ್ಲಿ ಓದಿದ್ದೇವೆ. ಆತನ ಮನೆತನದ ಒಂದು ಕವಲು ಅಮೆರಿಕದಲ್ಲಿ ಬೇರೂರಿತ್ತೆಂಬುದೂ, ಆ ಕವಲಿನಲ್ಲಿ ಹುಟ್ಟಿದವರೊಬ್ಬರು ಸಾಮಾನ್ಯರ ಮತದ ಹಕ್ಕಿಗಾಗಿ ದನಿಯೆತ್ತಿದರೆಂಬುದೂ ನಮ್ಮಲ್ಲಿ ಅಷ್ಟಾಗಿ ತಿಳಿದ ಸಂಗತಿಯಲ್ಲ. ಅವರೇ ಚಾರ್ಲ್ಸ್ ಜೋಸೆಫ್ ಬೋನಪಾರ್ಟ್.

ನೆಪೋಲಿಯನ್ನನ ಕಿರಿಯ ತಮ್ಮ ಜೆರೋಮ್, ನೌಕಾಪಡೆಯ ತರುಣ ಅಧಿಕಾರಿಯಾಗಿ ಅಮೆರಿಕಕ್ಕೆ ಬಂದವನು, 1803ರ ಡಿಸೆಂಬರ್ 24ರಂದು ಬಾಲ್ಟಿಮೋರಿನ ಶ್ರೀಮಂತ ವರ್ತಕನ ಮಗಳು ಎಲಿಜಬೆತ್ ಪ್ಯಾಟರ್ಸನ್ನಳನ್ನು ವರಿಸಿದನು. ಅಣ್ಣನಿಗೆ ಈ ಸಂಬಂಧ ಸಮ್ಮತವಾಗಲಿಲ್ಲ. ತುಂಬುಗರ್ಭಿಣಿಗೆ ತನ್ನ ಆಳ್ವಿಕೆಯ ನೆಲದಲ್ಲಿ ಕಾಲಿಡಲೂ ಅವನು ಅವಕಾಶವೀಯಲಿಲ್ಲ. ಆಕೆ 1805ರಲ್ಲಿ ಇಂಗ್ಲೆಂಡಿನಲ್ಲಿ ಗಂಡುಮಗುವನ್ನು ಹೆತ್ತು, ಆ ಮಗುವಿನೊಂದಿಗೆ ತವರಿಗೆ ಮರಳಿದಳು. ಜೆರೋಮನೋ ಅಣ್ಣನ ಇಚ್ಛೆಗೆ ಮಣಿದು ಜರ್ಮನ್ ರಾಜಕುಮಾರಿಯೊಬ್ಬಳ ಕೈಹಿಡಿದು ವೆಸ್ಟ್‌ಫೇಲಿಯದ ಅರಸನಾದನು. ಮಗನಿಗೆ ಯುರೋಪಿನ ರಾಜಕುಲದಿಂದ ಹೆಣ್ಣು ತರಬೇಕೆಂಬ ಎಲಿಜಬೆತ್ತಳ ಹಂಬಲವೂ ಕೈಗೂಡಲಿಲ್ಲ. ಅವನು ಬಾಲ್ಟಿಮೋರಿನ ಹುಡುಗಿಯನ್ನೇ ಮದುವೆಯಾದನು. ಆ ದಂಪತಿಗಳ ಹಿರಿಯ ಮಗ ಫ್ರಾನ್ಸಿನ ಸೇನೆ ಸೇರಿದನು. 1851ರಲ್ಲಿ ಜನಿಸಿದ ಕಿರಿಯವರಾದ ಚಾರ್ಲ್ಸ್ ಹುಟ್ಟಿದೂರನ್ನೇ ತಮ್ಮ ಕರ್ಮಭೂಮಿಯಾಗಿಸಿಕೊಂಡರು.

ಹಾರ್ವರ್ಡಿನಲ್ಲಿ ಕಾನೂನು ಕಲಿತು ವಕೀಲರಾದ ಅವರಿಗೆ ಸಂಪತ್ತಿನ ಕೊರತೆಯಿರಲಿಲ್ಲ. ಸುಖವಾಗಿ ಕುಳಿತುಣ್ಣಬಹುದಿತ್ತು. ಆದರೆ ಪಕ್ಷದ ಧಣಿಗಳು ಸರಕಾರಿ ನೌಕರಿಗಳನ್ನು ಹಿಂಬಾಲಕರಿಗೆ ಹಂಚಿ, ಚುನಾವಣೆಗಳನ್ನು ಕೈವಶ ಮಾಡಿಕೊಂಡಿದ್ದ ಕಾಲವದು. ನೌಕರಿ ಅರ್ಹತೆಯಿಂದಲೇ ದೊರೆಯಬೇಕೆಂದು ಚಾರ್ಲ್ಸ್ ದಶಕಗಳ ಕಾಲ ಹೋರಾಡಿದರು.

ನಮ್ಮ ಮನಸ್ಸನ್ನು ಹೆಚ್ಚು ತಟ್ಟುವುದು 1905ರ ಪ್ರಸಂಗ. ಕರಿಯರ ಮತದ ಹಕ್ಕನ್ನು ಕಸಿಯಲು ಮೇರಿಲ್ಯಾಂಡ್ ರಾಜ್ಯದ ಸಂವಿಧಾನಕ್ಕೆ ಪೋ ತಿದ್ದುಪಡಿ ಎಂಬುದೊಂದು ಸೂಚಿತವಾಯಿತು. 1869ರ ಆರಂಭದಲ್ಲಿ ಮತಾಧಿಕಾರವಿದ್ದವರೂ ಅವರ ವಂಶಜರೂ ನಿರಾತಂಕವಾಗಿ ಮತದಾರರಾಗಬಹುದು. ಉಳಿದವರು ಸಂವಿಧಾನದ ಭಾಗವೊಂದನ್ನು ನೋಂದಣಿ ಅಧಿಕಾರಿಗೆ ಒಪ್ಪಿಗೆಯಾಗುವಂತೆ ವಿವರಿಸಬೇಕು. 1869ರಲ್ಲಿ ಅಲ್ಲಿನ ಕರಿಯರಿಗೆ ಮತವೇ ಇರಲಿಲ್ಲ. ಹೊರದೇಶಗಳಿಂದ ಬಂದು ನೆಲೆಸಿದ ಅನ್ಯಭಾಷಿಕರಿಗೂ ಇದು ಕುತ್ತಾಗಿತ್ತು. ಅಜ್ಜನ ಹೆಸರಿನಿಂದ ಹಕ್ಕು ನಿರ್ಧಾರವಾಗುವ ಈ ಕಟ್ಟಳೆಯನ್ನು, ಅರಸನ ಮೊಮ್ಮಗನೇ ಆದ ಚಾರ್ಲ್ಸ್ ಬಹಿರಂಗವಾಗಿ ವಿರೋಧಿಸಿದರು. ಆ ನವೆಂಬರಿನಲ್ಲಿ ಜನರು ತಿದ್ದುಪಡಿಯನ್ನು ತಿರಸ್ಕರಿಸಿದರು.

ಅದೇ ವರ್ಷ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರನ್ನು ನೌಕಾಖಾತೆಯ ಕಾರ್ಯದರ್ಶಿಯನ್ನಾಗಿಯೂ, 1906ರ ಕೊನೆಯಲ್ಲಿ ಅಟಾರ್ನಿ ಜನರಲ್ ಆಗಿಯೂ ನೇಮಿಸಿದರು. ತನಿಖೆಗೆ ಬೇರೆ ಇಲಾಖೆಯ ಪತ್ತೇದಾರರನ್ನು ಎರವಲು ಪಡೆಯುವುದನ್ನು ಸಂಸತ್ತು ನಿಷೇಧಿಸಿದಾಗ, 1908ರಲ್ಲಿ ಅವರು ತಮ್ಮ ಇಲಾಖೆಯಲ್ಲೇ ತನಿಖಾ ದಳವೊಂದನ್ನು ಸ್ಥಾಪಿಸಿದರು. ಅದೇ ಮುಂದೆ ಎಫ್‌ಬಿಐ ಆಯಿತು. ಚಕ್ರವರ್ತಿಯ ವಂಶಜನೊಬ್ಬ ಗೂಢಚಾರರನ್ನು ಸಾಕುತ್ತಿರುವನೆಂಬ ಶಂಕೆ ಅಂದು ಕೆಲವರಲ್ಲಿ ಮೂಡಿತ್ತು. ಆ ಸಂಸ್ಥೆಯ ಮುಂದಿನ ನಡೆಗಳನ್ನು ಬಲ್ಲ ನಾವು ಆ ಶಂಕೆಯನ್ನು ಪೂರ್ತಿ ಅಲ್ಲಗಳೆಯಲಾರೆವು.

1921ರ ಜೂನ್ 28ರಂದು ಚಾರ್ಲ್ಸ್ ಬಾಲ್ಟಿಮೋರಿನ ಬಳಿಯ ತಮ್ಮ ಮನೆಯಲ್ಲಿ ನಿಧನರಾದರು. ಅವರಿಗೆ ಮಕ್ಕಳಿರಲಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರುಳಿಸಿಕೊಳ್ಳುವುದು, ಅನ್ಯಭಾಷೆಯ ಅರ್ಜಿಯನ್ನು ಅಧಿಕಾರಿಗೆ ಒಪ್ಪುವಂತೆ ತುಂಬುವುದು ಎಷ್ಟು ಕಷ್ಟವೆಂದು ಬಲ್ಲ ಗಡಿನಾಡಿನ ನಮಗೆ, ಅರಮನೆಯ ನೆನಪಿಗಿಂತ ಮತದಾರರ ಪರವಾಗಿ ಅವರು ಆಡಿದ ಮಾತೇ ದೊಡ್ಡದೆನಿಸುತ್ತದೆ.