ಟ್ಯಾಗೋರ್ ಕಾರವಾರದಲ್ಲಿ ನಡೆದ ಆ ಬೆಳದಿಂಗಳ ರಾತ್ರಿ

ಕಾರವಾರ: ರವಿವಾರದ ಸಂತೆ ಮುಗಿಸಿ, ಮಕ್ಕಳನ್ನ ಕರಕೊಂಡು ಸಮುದ್ರ ದಂಡೆಗೆ ಒಂದು ಸುತ್ತು ಹೋಗದ ಕಾರವಾರದವರು ಕಮ್ಮಿ. ದಂಡೆಯ ಹೆಸರು ರವೀಂದ್ರನಾಥ ಟ್ಯಾಗೋರ್ ಕಡಲತೀರ ಅಂತ ಅಂಗನವಾಡಿ ಮಕ್ಕಳಿಗೂ ಗೊತ್ತು. ಆದರೆ ಹೊರಗಿನ ಪ್ರವಾಸಿಗರು ಅಂಗಡಿಗೆ ಬಂದು, ಬಂಗಾಳದ ಕವಿಯ ಹೆಸರು ನಿಮ್ಮೂರ ದಂಡೆಗೆ ಯಾಕೆ ಇಟ್ಟರು ಅಂತ ಕೇಳಿದರೆ, ಅವರು ಒಮ್ಮೆ ಇಲ್ಲಿಗೆ ಬಂದಿದ್ದರಂತೆ ಅನ್ನೋದಕ್ಕೆ ನಮ್ಮ ಉತ್ತರ ಮುಗಿದು ಹೋಗ್ತದೆ. ಬಂದಿದ್ದು ಹೌದು. ಆದರೆ ಅವರು ಇಲ್ಲಿಂದ ಏನು ತಗೊಂಡು ಹೋದರು ಅನ್ನೋದೇ ದೊಡ್ಡ ಕಥೆ.

ಬಂದವರು ಫೋಟೋದಲ್ಲಿ ಕಾಣುವ ಬಿಳಿ ಗಡ್ಡದ ಗುರುದೇವ ಅಲ್ಲ. ಅದು 1883. ಆಗ ಅವರಿಗೆ 22ರ ಪ್ರಾಯ. ನೊಬೆಲ್ ಬಹುಮಾನಕ್ಕೆ ಇನ್ನೂ 30 ವರ್ಷ ಬಾಕಿ ಇತ್ತು. ಕವಿತೆ ಬರೀತಿದ್ದರು, ಕೆಲವು ಅಚ್ಚಾಗಿಯೂ ಇದ್ದವು. ಆದರೆ ಕೈಯಲ್ಲಿ ಡಿಗ್ರಿ ಇಲ್ಲ, ನೌಕರಿ ಇಲ್ಲ. ಮನೆಯವರ ಲೆಕ್ಕದಲ್ಲಿ ಇನ್ನೂ ದಡ ಸೇರದ ಹುಡುಗ.

ರವೀಂದ್ರನಾಥರು ಹುಟ್ಟಿದ್ದು 1861ರ ಮೇ 7ರಂದು, ಕಲ್ಕತ್ತೆಯ ಜೋಡಾಸಾಂಕೋದ ದೊಡ್ಡ ಮನೆಯಲ್ಲಿ. ತಂದೆ ದೇವೇಂದ್ರನಾಥರು ಬ್ರಹ್ಮ ಸಮಾಜದ ದೊಡ್ಡ ಹೆಸರು. ಜಮೀನ್ದಾರಿ ಕುಟುಂಬ, ಮನೆ ತುಂಬ ಅಣ್ಣಂದಿರು, ಅತ್ತಿಗೆಯರು. ಆದರೂ ಹುಡುಗನನ್ನ ನೋಡಿಕೊಂಡದ್ದು ಹೆಚ್ಚಾಗಿ ಆಳುಗಳೇ. ಅವರಲ್ಲೊಬ್ಬ ರವಿಯನ್ನ ಒಂದು ಕಡೆ ಕೂರಿಸಿ, ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, ದಾಟಿದರೆ ಅಪಾಯ ಅಂತ ಹೆದರಿಸಿ ಹೋಗ್ತಿದ್ದ. ರಾಮಾಯಣದ ಸೀತೆಯ ಕಥೆ ಕೇಳಿದ್ದ ಮಗು ಆ ಗೆರೆ ದಾಟುವ ಧೈರ್ಯ ಮಾಡಲಿಲ್ಲ. ಕಿಟಕಿಯ ಕೆಳಗೆ ಒಂದು ಕೆರೆ, ದಂಡೆಯಲ್ಲಿ ಆಲದ ಮರ. ಬೆಳಿಗ್ಗೆಯಿಂದ ಯಾರು ಬಂದು ಮಿಂದು ಹೋದರು, ಯಾರು ಹೇಗೆ ಮುಳುಗು ಹಾಕಿದರು, ಮಧ್ಯಾಹ್ನ ಬಾತುಕೋಳಿ ಏನು ಮಾಡ್ತು ಅಂತ ನೋಡ್ತಾ ದಿನ ಕಳೀತಿತ್ತು. ಹೊರಗಿನ ಲೋಕ ಅಂದರೆ ಅವರಿಗೆ ಆ ಕೆರೆ. ಅದನ್ನೂ ಗೆರೆಯ ಒಳಗಿಂದ ನೋಡಬೇಕು.

ಶಾಲೆ ಒಂದಲ್ಲ, ನಾಲ್ಕು ಬದಲಾಯ್ತು. ಒಂದರಲ್ಲೂ ಮನಸ್ಸು ನಿಲ್ಲಲಿಲ್ಲ. 1873ರಲ್ಲಿ ಉಪನಯನ ಆದಮೇಲೆ ತಂದೆ ಅವರನ್ನ ಹಿಮಾಲಯದ ಡಾಲ್‌ಹೌಸಿಗೆ ಕರಕೊಂಡು ಹೋದರು. ಹನ್ನೆರಡು ವರ್ಷದ ಹುಡುಗ ಕೈಯಲ್ಲೊಂದು ಕೋಲು ಹಿಡಿದು ಗುಡ್ಡದಿಂದ ಗುಡ್ಡಕ್ಕೆ ಒಬ್ಬನೇ ಅಲೆದ. ತಂದೆ ತಡೀಲಿಲ್ಲ. ನಡೆಯುವ ರುಚಿ ಹತ್ತಿದ್ದು ಅಲ್ಲೇ ಅಂತ ನನ್ನ ಲೆಕ್ಕ. ಮುಂದೆ 1878ರಲ್ಲಿ ಇಂಗ್ಲೆಂಡಿಗೆ ಹೋಗಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಸೇರಿದರು. 1880ರಲ್ಲಿ ಡಿಗ್ರಿ ಇಲ್ಲದೆ ವಾಪಸ್. ಮರುವರ್ಷ ಮತ್ತೆ ಹೊರಟವರು ಮದ್ರಾಸಿನ ತನಕ ಬಂದು ಅಲ್ಲಿಂದಲೇ ತಿರುಗಿ ಹೋದರು. ಇಂಥ ಮಗನನ್ನ ನಮ್ಮ ಕಡೆ ಏನು ಹೇಳ್ತಾರೆ ಅಂತ ಬರೆಯೋದು ಬೇಡ, ಓದುಗರಿಗೆ ಗೊತ್ತಿದೆ.

ಕಾರವಾರಕ್ಕೆ ಬಂದದ್ದು ಎರಡನೇ ಅಣ್ಣ ಸತ್ಯೇಂದ್ರನಾಥರ ದೆಸೆಯಿಂದ. ಐಸಿಎಸ್ ಪಾಸಾದ ಮೊದಲ ಭಾರತೀಯ ಇವರು. 1864ರಲ್ಲಿ ನೌಕರಿಗೆ ಸೇರಿ ಬೊಂಬಾಯಿ ಪ್ರಾಂತ್ಯದ ಊರೂರು ಸುತ್ತಿದವರು. ನಮ್ಮ ಜಿಲ್ಲೆ 1862ರಿಂದ ಬೊಂಬಾಯಿಗೆ ಸೇರಿತ್ತು, ಹಾಗಾಗಿ ವರ್ಗಾವಣೆಯ ಪಟ್ಟಿಯಲ್ಲಿ ಕಾರವಾರವೂ ಬಂತು. ಅಣ್ಣ ಇಲ್ಲಿ ಜಿಲ್ಲಾ ನ್ಯಾಯಾಧೀಶ. ಅತ್ತಿಗೆ ಜ್ಞಾನದಾನಂದಿನಿ ದೇವಿಯೂ ಸಾಮಾನ್ಯದವರಲ್ಲ, ಇವತ್ತು ದೇಶದ ಹೆಂಗಸರು ಉಡುವ ಸೀರೆ-ರವಿಕೆಯ ರೀತಿ ಬಳಕೆಗೆ ಬಂದದ್ದರಲ್ಲಿ ಅವರ ಪಾಲು ದೊಡ್ಡದು. ತಮ್ಮ ಅಣ್ಣನ ಮನೆಗೆ ಬಂದು ಉಳಿದ.

ಅವರು ನೋಡಿದ ಕಾರವಾರ ಹೇಗಿತ್ತು? ಅರ್ಧಚಂದ್ರದ ಹಾಗೆ ಬಾಗಿದ ದಂಡೆ, ಸುತ್ತ ಗುಡ್ಡ, ಅಗಲವಾದ ಮರಳು, ಅದರ ಅಂಚಿಗೆ ಗಾಳಿಮರದ ಕಾಡು, ಒಂದು ತುದಿಯಲ್ಲಿ ಕಾಳಿ ನದಿ ಸಮುದ್ರ ಸೇರುವ ಜಾಗ. ಬಂದರು ಇತ್ತು, ಆದರೆ ಬಂದರಿನ ಗದ್ದಲ ಅವರಿಗೆ ಕಾಣಲಿಲ್ಲ. ಇಲ್ಲೊಂದು ಮಾತು. ಗಾಳಿಮರ ನಮ್ಮ ನೆಲದ ಮರ ಅಲ್ಲ, ಅರಣ್ಯ ಇಲಾಖೆ 1860ರ ದಶಕದ ಕೊನೆಯಲ್ಲಿ ತಂದು ನೆಟ್ಟದ್ದು. ಅಂದರೆ ಟ್ಯಾಗೋರ್ ಮರುಳಾದ ಆ ಕಾಡಿಗೆ ಆಗ ಅವರಿಗಿಂತಲೂ ಕಮ್ಮಿ ಪ್ರಾಯ!

ಒಂದು ಬೆಳದಿಂಗಳ ಸಂಜೆ ಇವರ ಗುಂಪು ಸಣ್ಣ ದೋಣಿ ಮಾಡಿಕೊಂಡು ಕಾಳಿ ನದಿಯಲ್ಲಿ ಮೇಲಕ್ಕೆ ಹೋಯ್ತು. ಶಿವಾಜಿಯ ಕಾಲದ್ದೆನ್ನುವ ಒಂದು ಗುಡ್ಡದ ಕೋಟೆ ನೋಡಿ ಕೆಳಗಿಳಿದರು. ಅಲ್ಲೇ ಒಬ್ಬ ರೈತನ ಮನೆ. ಗುಡಿಸಿ ಚೊಕ್ಕಟ ಮಾಡಿದ ಅಂಗಳ, ಅಲ್ಲಿ ಬೆಳದಿಂಗಳು ಬಿದ್ದಿತ್ತು. ತಂದ ಬುತ್ತಿ ಬಿಚ್ಚಿ ಅಲ್ಲೇ ಕೂತು ಉಂಡರು. ಆ ರೈತ ಯಾರು, ಯಾವ ಕೇರಿಯವ ಅಂತ ಎಲ್ಲೂ ದಾಖಲೆಯಾಗಲಿಲ್ಲ. ಆದರೆ ಅವನ ಮನೆಯ ಅಂಗಳ ಮಾತ್ರ ಭಾರತದ ದೊಡ್ಡ ಕವಿಯ ಆತ್ಮಕಥೆಯಲ್ಲಿ ಉಳೀತು.

ವಾಪಸ್ ಬರುವಾಗ ದೋಣಿಯನ್ನ ನೀರಿನ ಸೆಳೆತಕ್ಕೆ ಬಿಟ್ಟರು. ಅಳಿವೆ ಮುಟ್ಟುವಾಗ ರಾತ್ರಿ ಬಹಳ ಆಗಿತ್ತು. ಸಮುದ್ರದ ಮೇಲೆ ದೋಣಿಯಲ್ಲಿ ಬರೋದು ಬಿಟ್ಟು, ಅಲ್ಲೇ ಇಳಿದು ಮರಳಿನ ಮೇಲೆ ಮನೆ ತನಕ ನಡೆದೇ ಬಂದರು. ಸಮುದ್ರದಲ್ಲಿ ತೆರೆ ಇಲ್ಲ. ಯಾವಾಗಲೂ ಸುಂಯ್ ಅನ್ನುವ ಗಾಳಿಮರ ಕೂಡ ಸದ್ದಿಲ್ಲದೆ ನಿಂತಿತ್ತು. ನಮ್ಮ ಕೋಡಿಬಾಗದ ಕಡೆಯಿಂದ ಪೇಟೆಯ ಕಡೆಗೆ ಬರುವ ಹಾದಿ ಅದು, ಆರಾಮಾಗಿ ನಡೆದರೆ ಒಂದು ತಾಸು. ಮನೆಗೆ ಬಂದರೂ ಟ್ಯಾಗೋರರಿಗೆ ನಿದ್ದೆ ಹತ್ತಲಿಲ್ಲ. ಕೂತು ಒಂದು ಕವಿತೆ ಬರೆದರು.

ಆದರೆ ಕಾರವಾರದ ನಿಜವಾದ ಬೆಳೆ ಆ ಕವಿತೆ ಅಲ್ಲ, ಇಲ್ಲೇ ಬರೆದ ನಾಟಕ, 'ಪ್ರಕೃತಿರ್ ಪ್ರತಿಶೋಧ್'. ನಮ್ಮ ಮಾತಲ್ಲಿ ಹೇಳಿದರೆ ಪ್ರಕೃತಿಯ ಸೇಡು. ಒಬ್ಬ ಸನ್ಯಾಸಿ ಲೋಕದ ಎಲ್ಲ ಹಂಗು ಕಡಿದು, ಗುಹೆಯಲ್ಲಿ ತಪಸ್ಸು ಮಾಡಿ, ನಾನು ಪ್ರಕೃತಿಯನ್ನ ಗೆದ್ದೆ ಅಂತ ಹೊರಗೆ ಬರ್ತಾನೆ. ಊರವರು ದೂರ ಇಟ್ಟ ಒಂದು ಅನಾಥ ಹುಡುಗಿ ಅವನಿಗೆ ಅಂಟಿಕೊಳ್ತದೆ. ಮನಸ್ಸು ಕರಗುತ್ತಿದೆ ಅಂತ ಗೊತ್ತಾದ ಕೂಡಲೇ ಹೆದರಿ ಅವಳನ್ನ ಬಿಟ್ಟು ಓಡ್ತಾನೆ. ಕೊನೆಗೆ ತಡೆಯಲಾರದೆ ದಂಡ ಕಮಂಡಲ ಎಸೆದು ವಾಪಸ್ ಬಂದರೆ, ಹುಡುಗಿ ಸತ್ತಿದ್ದಾಳೆ. ದೊಡ್ಡದನ್ನ ಹುಡುಕ್ತಾ ಲೋಕ ಬಿಟ್ಟು ಓಡಿದವನಿಗೆ, ಅದು ಇದ್ದದ್ದು ಆ ಸಣ್ಣ ಕೈಯಲ್ಲಿ ಅಂತ ತಿಳಿಯುವಾಗ ಹೊತ್ತು ಮೀರಿತ್ತು. ತನ್ನ ಮುಂದಿನ ಬರವಣಿಗೆಗೆಲ್ಲ ಈ ನಾಟಕವೇ ಮುನ್ನುಡಿ ಅಂತ ಟ್ಯಾಗೋರರೇ 50 ದಾಟಿದ ಮೇಲೆ ಒಪ್ಪಿಕೊಂಡರು. 1912ರಲ್ಲಿ ಬಂದ ಆತ್ಮಕಥೆಯಲ್ಲಿ ಕಾರವಾರಕ್ಕೆಂದೇ ಒಂದು ಅಧ್ಯಾಯ ಕೊಟ್ಟಿದ್ದಾರೆ.

ಬರೆಯೋದು ಸುಲಭ, ಬದುಕೋದು ಬೇರೆ. ಕಾರವಾರದಿಂದ ಹೋದ ಸ್ವಲ್ಪ ದಿನಕ್ಕೆ, 1883ರ ಡಿಸೆಂಬರ್ 9ರಂದು, ಅವರ ಮದುವೆ ಆಯ್ತು. ಹುಡುಗಿ ಮೃಣಾಲಿನಿಗೆ ಆಗ ಹತ್ತರ ಆಸುಪಾಸು, ಆ ಕಾಲದ ಪದ್ಧತಿ ಹಾಗಿತ್ತು. ನಾಲ್ಕು ತಿಂಗಳಾಗುವಷ್ಟರಲ್ಲಿ, 1884ರ ಏಪ್ರಿಲ್‌ನಲ್ಲಿ, ಅವರ ಕವಿತೆಗೆ ಮೊದಲ ಓದುಗಳಾಗಿದ್ದ ಇನ್ನೊಬ್ಬ ಅತ್ತಿಗೆ ಕಾದಂಬರಿ ದೇವಿ ತೀರಿಕೊಂಡರು. ಆಮೇಲೆ 1902ರಲ್ಲಿ ಹೆಂಡತಿ, 1903ರಲ್ಲಿ ಮಗಳು ರೇಣುಕಾ, 1905ರಲ್ಲಿ ತಂದೆ, 1907ರಲ್ಲಿ ಸಣ್ಣ ಮಗ ಶಮೀಂದ್ರ. ಸನ್ಯಾಸ ತಗೊಳ್ಳೋದಕ್ಕೆ ಇಷ್ಟು ಕಾರಣ ಯಾರಿಗೂ ಸಾಕು. ಅವರು ತಗೊಳ್ಳಲಿಲ್ಲ. 1901ರಲ್ಲಿ ಶಾಂತಿನಿಕೇತನದಲ್ಲಿ ಶುರು ಮಾಡಿದ ಶಾಲೆ ನಡೀತಾ ಇತ್ತು. ಅಲ್ಲಿ ಮಕ್ಕಳಿಗೆ ಪಾಠ ಮರದ ಕೆಳಗೆ. ಸೀಮೆಸುಣ್ಣದ ಗೆರೆಯೊಳಗೆ ಕೂತು ಕೆರೆ ನೋಡಿದ ಹುಡುಗ, ತನ್ನ ಶಾಲೆಯ ಮಕ್ಕಳಿಗೆ ಗೋಡೆಯನ್ನೇ ಇಡಲಿಲ್ಲ.

ಉಳಿದದ್ದು ಪಠ್ಯಪುಸ್ತಕದಲ್ಲಿ ಇದೆ. 1913ರಲ್ಲಿ ಗೀತಾಂಜಲಿಗೆ ನೊಬೆಲ್, 1915ರಲ್ಲಿ ಸರ್ ಪದವಿ, 1919ರಲ್ಲಿ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡಕ್ಕೆ ಸಿಟ್ಟಾಗಿ ಅದೇ ಪದವಿ ವಾಪಸ್, 1921ರಲ್ಲಿ ವಿಶ್ವಭಾರತಿ. 1941ರ ಆಗಸ್ಟ್ 7ರಂದು, ಹುಟ್ಟಿದ ಮನೆಯಲ್ಲೇ ಕೊನೆಯುಸಿರು.

ಆಗಸ್ಟ್ 7 ಅಂದರೆ ಕಾರವಾರದವರಿಗೆ ಈಗ ಬೇರೆಯದೇ ನೆನಪು. 2024ರಲ್ಲಿ ಅದೇ ದಿನ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಕುಸಿದು ಲಾರಿ ನೀರಿಗೆ ಬಿತ್ತು, ಚಾಲಕ ಬದುಕಿದ್ದು ಮೀನುಗಾರರ ಮತ್ತು ಪೊಲೀಸರ ಪುಣ್ಯ. ಟ್ಯಾಗೋರ್ ದೋಣಿಯಿಂದ ಇಳಿದ ಅಳಿವೆ ಇದರ ಹತ್ತಿರವೇ. ಅವರ ಕಾಲದಲ್ಲಿ ಸೇತುವೆಯೂ ಇರಲಿಲ್ಲ, ಹೆದ್ದಾರಿಯೂ ಇರಲಿಲ್ಲ. ಈಗ ದಂಡೆಯ ಮಗ್ಗುಲಲ್ಲೇ ಚತುಷ್ಪಥ, ಮರಳಿನ ಮೇಲೆ ಚಾಪೆಲ್ ಯುದ್ಧನೌಕೆ ಸಂಗ್ರಹಾಲಯ, ಆ ಕಡೆ ಬಂದರು.

2020ರ ಜನವರಿಯಲ್ಲಿ ಬಂದರಿನ ಎರಡನೇ ಹಂತದ ಅಲೆ ತಡೆಗೋಡೆ ಕೆಲಸ ಶುರುವಾದಾಗ ಮೀನುಗಾರರು, ಹೆಂಗಸರು ಮಕ್ಕಳು ಸಮೇತ, ದಂಡೆಗೆ ಇಳಿದರು. ಕಾರವಾರ ಬಂದ್ ಆಯ್ತು, ಪೇಟೆಯ ಅಂಗಡಿಯವರೂ ಬಾಗಿಲು ಹಾಕಿ ಜೊತೆ ನಿಂತರು. ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಇರೋದು ಇದೊಂದೇ ದಂಡೆ, ಇದೂ ಹೋದರೆ ದೋಣಿ ಎಳೆಯೋದು ಎಲ್ಲಿ, ಏಂಡಿ ಬಲೆ ಬಿಡೋದು ಎಲ್ಲಿ ಅನ್ನೋದು ಅವರ ಪ್ರಶ್ನೆ. ಆ ಪ್ರಶ್ನೆಯಲ್ಲಿ ಕವಿಯ ಹೆಸರು ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ.

ಆ ಹಾದಿ ನಡೆಯಬೇಕು ಅನ್ನುವವರು ಹುಣ್ಣಿಮೆಯ ಆಚೀಚೆ, ನೀರು ಇಳಿದ ಹೊತ್ತು ನೋಡಿಕೊಂಡು ಕೋಡಿಬಾಗದ ಅಳಿವೆಯಿಂದ ಹೊರಡಿ. ಮಳೆಗಾಲದಲ್ಲಿ ಬೇಡ. ಹೆದ್ದಾರಿಯ ಲಾರಿ ಸದ್ದು ಪೂರ್ತಿ ನಿಲ್ಲೋದಿಲ್ಲ, ಆದರೆ ಗಾಳಿಮರ ಇರುವ ಕಡೆ ಸ್ವಲ್ಪ ಕಮ್ಮಿ ಕೇಳ್ತದೆ. ದಂಡೆಗೆ ಎಳೆದಿಟ್ಟ ದೋಣಿಗಳ ಹಗ್ಗ ಕತ್ತಲಲ್ಲಿ ಕಾಲಿಗೆ ತೊಡರ್ತದೆ, ನೋಡಿಕೊಂಡು ನಡೀರಿ.