ಶಂಕರಾನಂದರ ಬದುಕಿನ ಎರಡು ಸಮಿತಿಗಳು

ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ನಿಂತು ನೋಡಿದರೆ ದಿಲ್ಲಿಯ ಸಂಸತ್ತು ಬಲು ದೂರ ಅನ್ಸುತ್ತೆ. ಆದರೆ ದೇಶದ ಅತಿ ವಿವಾದಿತ ಸಂಸದೀಯ ಸಮಿತಿಯೊಂದನ್ನು ನಡೆಸಿದವರು ಇದೇ ಸೀಮೆಯವರು. ಬಿ. ಶಂಕರಾನಂದ, 1925ರಲ್ಲಿ ಕಣಗಲಾದಲ್ಲಿ ಹುಟ್ಟಿದವರು. ಮೀಸಲು ಕ್ಷೇತ್ರವಾಗಿದ್ದ ಚಿಕ್ಕೋಡಿಯಿಂದ 1967ರಿಂದ ಸತತ 7 ಸಲ ಗೆದ್ದರು. ಇಂದಿರಾ ಸಂಪುಟದಲ್ಲಿ ಆರೋಗ್ಯ ಸಚಿವರಾಗಿದ್ದರು. 1983ರ ಮೊದಲ ರಾಷ್ಟ್ರೀಯ ಆರೋಗ್ಯ ನೀತಿ ಬಂದಿದ್ದು ಅವರ ಕಾಲದಲ್ಲೇ. ಅದೇ ದಶಕದಲ್ಲಿ ಕಣಗಲಾಕ್ಕೆ ಹಿಂದೂಸ್ತಾನ್ ಲ್ಯಾಟೆಕ್ಸ್ ಕಾರ್ಖಾನೆ ಬಂತು.

1987ರ ಏಪ್ರಿಲ್‌ನಲ್ಲಿ ಸ್ವೀಡನ್ ರೇಡಿಯೊ ಬೋಫೋರ್ಸ್ ಲಂಚದ ಸುದ್ದಿ ಹೊರಹಾಕಿತು. ಆಗಸ್ಟ್‌ನಲ್ಲಿ ಜಂಟಿ ಸಂಸದೀಯ ಸಮಿತಿ ರಚನೆಯಾಯ್ತು, ಅಧ್ಯಕ್ಷರು ಶಂಕರಾನಂದ. ಮುಖ್ಯ ವಿರೋಧ ಪಕ್ಷಗಳು ಬಹಿಷ್ಕರಿಸಿದವು. ಉಳಿದವರು ಬಹುತೇಕ ಆಳುವವರೇ. 1988ರ ಏಪ್ರಿಲ್‌ನಲ್ಲಿ ಬಂದ ವರದಿಯ ಪ್ರಕಾರ ಲಂಚಕ್ಕೆ ಪುರಾವೆ ಇಲ್ಲ. ಎಐಎಡಿಎಂಕೆಯ ಆಲಡಿ ಅರುಣ ಮಾತ್ರ ಭಿನ್ನಮತ ಬರೆದರು. ದೇಶ ಆ ವರದಿಯನ್ನು ನಂಬಲಿಲ್ಲ. ಮರುವರ್ಷ ಸಿಎಜಿ ವರದಿ ಬಂದಾಗ ವಿರೋಧ ಪಕ್ಷದ ಸಂಸದರು ಸಾಲುಸಾಲಾಗಿ ರಾಜೀನಾಮೆ ಕೊಟ್ಟರು. ತಪ್ಪು ಶಂಕರಾನಂದರೊಬ್ಬರದೇ ಅಂತ ನನಗನಿಸಲ್ಲ. ಬೆಂಕಿ ಹತ್ತಿದ ಮೇಲೆ ಕಟ್ಟಿದ ಸಮಿತಿ ಅದು, ಬೆಂಕಿಯಲ್ಲಿದ್ದವರೇ ಕಟ್ಟಿದ್ದು.

1993ರ ಏಪ್ರಿಲ್‌ನಲ್ಲಿ ಸಂಸತ್ತು ಬೇರೆ ದಾರಿ ಹಿಡಿಯಿತು: ಇಲಾಖೆಗಳ ಮೇಲೆ ಕಣ್ಣಿಡಲು 17 ಸ್ಥಾಯಿ ಸಮಿತಿಗಳು. ಹಗರಣ ಇರಲಿ ಬಿಡಲಿ, ಇವು ಅನುದಾನ ಬೇಡಿಕೆ, ಮಸೂದೆಗಳನ್ನು ಬಾಗಿಲು ಮುಚ್ಚಿಕೊಂಡು ಪರಿಶೀಲಿಸುತ್ತವೆ. ಎಲ್ಲ ಪಕ್ಷದವರೂ ಇರ್ತಾರೆ, ಮಂತ್ರಿಗಳಿಗೆ ಜಾಗ ಇಲ್ಲ. ಇಂಜಿನಿಯರಿಂಗ್ ಓದಿದವನ ಭಾಷೇಲಿ ಹೇಳೋದಾದ್ರೆ, ಕ್ರ್ಯಾಶ್ ಆದ ಮೇಲಿನ ತನಿಖೆ ಅಲ್ಲ, ಕೋಡ್ ರಿವ್ಯೂ. ಅವುಗಳ ಶಿಫಾರಸನ್ನು ಸರ್ಕಾರ ಒಪ್ಪಲೇಬೇಕೆಂದಿಲ್ಲ, ಅದು ಬೇರೆ ಮಾತು.

ಅದೇ ವರ್ಷದ ಕೊನೆಗೆ ಇನ್ನೊಂದು ಜಂಟಿ ಸಮಿತಿಯ ವರದಿ ಬಂತು, ಈ ಸಲ ಹರ್ಷದ್ ಮೆಹ್ತಾ ಷೇರು ಹಗರಣದ್ದು. ರಾಮ್‌ನಿವಾಸ್ ಮಿರ್ಧಾ ಅಧ್ಯಕ್ಷತೆಯ ಆ ಸಮಿತಿಯಲ್ಲಿ ವಿರೋಧ ಪಕ್ಷಗಳೂ ಕೂತಿದ್ದವು. ಶಂಕರಾನಂದರು ಪೆಟ್ರೋಲಿಯಂ ಸಚಿವರಾಗಿದ್ದಾಗಿನ ಹಣ ಹೂಡಿಕೆಯತ್ತ ಅದು ಬೆರಳು ತೋರಿಸಿತು. 1994ರ ಡಿಸೆಂಬರ್‌ನಲ್ಲಿ ಅವರು ನರಸಿಂಹ ರಾವ್ ಸಂಪುಟ ಬಿಡಬೇಕಾಯ್ತು.

1996ರಲ್ಲಿ ಜನತಾದಳದ ರತ್ನಮಾಲಾ ಸವಣೂರು ಚಿಕ್ಕೋಡಿಯನ್ನು ಗೆದ್ದರು. ಶಂಕರಾನಂದ ತೀರಿಕೊಂಡಿದ್ದು 2009ರಲ್ಲಿ. ಆ ವರ್ಷ ಶುರುವಾದ 15ನೇ ಲೋಕಸಭೆಯಲ್ಲಿ ಶೇ 71ರಷ್ಟು ಮಸೂದೆಗಳು ಸಮಿತಿಗಳಿಗೆ ಹೋದವು. 17ನೇ ಲೋಕಸಭೆಯಲ್ಲಿ ಶೇ 16. 2020ರ ಕೃಷಿ ಮಸೂದೆಗಳು ಹೋಗಲೇ ಇಲ್ಲ.