ಶಾಸನ ಪಿತಾಮಹ ರೈಸರು ಮತ್ತು ಕಡೂರು ಸೀಮೆಯ ಊರ ಹೆಸರುಗಳು

ಕಡೂರು, ತರೀಕೆರೆ, ಅಜ್ಜಂಪುರ ಎಂಬ ಮೂರು ಹೆಸರುಗಳನ್ನು ಒತ್ತಟ್ಟಿಗಿರಿಸಿ ನೋಡಿದರೆ ಒಂದು ವಿಶೇಷವು ಗೋಚರವಾಗುತ್ತದೆ. ಮೊದಲನೆಯದು ‘ಊರು’ ಎಂದೂ ಎರಡನೆಯದು ‘ಕೆರೆ’ ಎಂದೂ ಮೂರನೆಯದು ‘ಪುರ’ ಎಂದೂ ಮುಗಿಯುತ್ತವೆ. ಮೊದಲೆರಡು ಅಚ್ಚಗನ್ನಡದ ಮಾತುಗಳು, ಕಡೆಯದು ಸಂಸ್ಕೃತದಿಂದ ಬಂದುದು. ಊರ ಹೆಸರುಗಳ ಉತ್ತರಾರ್ಧವನ್ನು ಬಿಡಿಸುವುದು ಹೀಗೆ ಸುಲಭ, ತೊಡಕಿರುವುದೆಲ್ಲ ಪೂರ್ವಾರ್ಧದಲ್ಲಿ. ಅರ್ಥ ಮರೆತುಹೋದ ಕಡೆ ಜನರ ಕಲ್ಪನೆಯು ಕಥೆಯನ್ನು ಹೆಣೆಯುತ್ತದೆ. ಅಂಥ ಕಥೆಗಳ ಎದುರಿಗೆ ಕಲ್ಲಿನ ಸಾಕ್ಷ್ಯವನ್ನು ತಂದು ನಿಲ್ಲಿಸಿದ ಮಹನೀಯರು ಬೆಂಜಮಿನ್ ಲೂಯಿಸ್ ರೈಸ್ ಅವರು.

ರೈಸರು ಹುಟ್ಟಿನಿಂದ ಆಂಗ್ಲರಾದರೂ ಅವರ ಜನ್ಮಸ್ಥಳ ಬೆಂಗಳೂರು. ಲಂಡನ್ ಮಿಷನ್ನಿನ ಪಾದ್ರಿಯೊಬ್ಬರ ಪುತ್ರರಾಗಿ ೧೮೩೭ರಲ್ಲಿ ಜನಿಸಿದ ಅವರಿಗೆ ಕನ್ನಡವು ಕಷ್ಟಪಟ್ಟು ಕಲಿತ ಪರಭಾಷೆಯಾಗಿರದೆ ಬಾಲ್ಯದಿಂದಲೇ ಕಿವಿಗೆ ಬಿದ್ದ ನುಡಿಯಾಗಿತ್ತು. ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸವನ್ನು ಪೂರೈಸಿ ೧೮೬೦ರಲ್ಲಿ ಬೆಂಗಳೂರಿನ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ಹಿಂದಿರುಗಿದರು. ಶಾಸನಗಳ ಪಿತಾಮಹರೆಂದು ಮುಂದೆ ಕೀರ್ತಿತರಾದವರ ವೃತ್ತಿಜೀವನವು ಪಾಠಶಾಲೆಯಲ್ಲಿ ಆರಂಭವಾಯಿತೆಂಬುದು ಅಧ್ಯಾಪಕ ವರ್ಗವು ಅಭಿಮಾನಪಡತಕ್ಕ ಸಂಗತಿ. ಐದು ವರ್ಷಗಳ ಬಳಿಕ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರಾದರು. ೧೮೬೮ರಲ್ಲಿ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳಾದರು.

ಶಾಲೆಗಳ ತನಿಖೆಗೆಂದು ಕುದುರೆಯ ಮೇಲೆ ಹಳ್ಳಿಹಳ್ಳಿ ಸಂಚರಿಸುತ್ತಿದ್ದಾಗ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತಿದ್ದ ಬರಹದ ಕಲ್ಲುಗಳು ಅವರ ಕಣ್ಣಿಗೆ ಬಿದ್ದವು. ಹಳಗನ್ನಡದ ಲಿಪಿಯನ್ನು ಓದಬಲ್ಲವರು ವಿರಳರಾಗಿದ್ದ ಕಾಲವದು. ಮೇಜರ್ ಡಿಕ್ಸನ್ ಎಂಬ ಅಧಿಕಾರಿಯು ೧೮೬೫ರ ಸುಮಾರಿಗೆ ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳನ್ನು ರೈಸರು ಪಂಡಿತರ ನೆರವಿನಿಂದ ಓದಿ, ಅನುವಾದಿಸಿ, ೧೮೭೯ರಲ್ಲಿ ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’ ಎಂಬ ಗ್ರಂಥವಾಗಿ ಹೊರತಂದರು. ೧೮೯೦ರಿಂದ ಅವರು ಪುರಾತತ್ತ್ವ ಇಲಾಖೆಗೇ ತಮ್ಮ ಸಂಪೂರ್ಣ ಸೇವೆಯನ್ನು ಸಲ್ಲಿಸಿದರು. ಸುಮಾರು ಒಂಬತ್ತು ಸಾವಿರ ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟಗಳಲ್ಲಿ ಅಚ್ಚಾದವು.

ಇವುಗಳಲ್ಲಿ ಆರನೆಯ ಸಂಪುಟವು ೧೯೦೧ರಲ್ಲಿ ಪ್ರಕಟವಾದ ಕಡೂರು ಜಿಲ್ಲೆಯ ಸಂಪುಟ. ಜಿಲ್ಲೆಯ ಮುಖ್ಯಸ್ಥಳವು ೧೮೬೫ರಲ್ಲಿಯೇ ಚಿಕ್ಕಮಗಳೂರಿಗೆ ಹೋಗಿದ್ದರೂ ಹೆಸರು ಮಾತ್ರ ೧೯೪೭ರವರೆಗೆ ಕಡೂರಿನದಾಗಿಯೇ ಉಳಿದಿತ್ತು. ಇತ್ತೀಚೆಗೆ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರವು ಆಗ ತರೀಕೆರೆಗೆ ಸೇರಿದ್ದಿತು. ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ, ಕನ್ನಡ ಲಿಪಿಯ ಪಾಠ, ರೋಮನ್ ಲಿಪ್ಯಂತರ ಮತ್ತು ಇಂಗ್ಲಿಷ್ ಅನುವಾದಗಳನ್ನು ಕೊಟ್ಟಿರುವುದು ಈ ಸಂಪುಟಗಳ ಕ್ರಮ. ತರೀಕೆರೆಯ ಸಮೀಪದ ಅಮೃತಾಪುರದಲ್ಲಿ, ಅಮೃತ ದಂಡನಾಯಕನು ೧೧೯೬ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯದ ಮುಂದಿರುವ ದೊಡ್ಡ ಶಾಸನವು ಜನ್ನ ಕವಿಯ ರಚನೆ. ಇಲ್ಲಿ ಊರಿನ ಹೆಸರಿಗೆ ಕಥೆಯೇ ಬೇಕಿಲ್ಲ. ಕಟ್ಟಿಸಿದವನ ಹೆಸರು ದೇವರಿಗೂ ಊರಿಗೂ ನಿಂತಿದೆ.

ಎಲ್ಲ ಕಡೆಯೂ ಹೀಗಿಲ್ಲ. ಇಂದಿನ ಕಡೂರು ತಾಲ್ಲೂಕಿನ ಸಖರಾಯಪಟ್ಟಣದಲ್ಲಿ ಆಳಿದನೆನ್ನಲಾದ ರುಕ್ಮಾಂಗದ ರಾಜನು ಹಿರಿಯ ಮಗಳಿಗೆ ಹಿರೇಮಗಳೂರನ್ನೂ ಕಿರಿಯಳಿಗೆ ಚಿಕ್ಕಮಗಳೂರನ್ನೂ ಬಳುವಳಿಯಾಗಿ ಕೊಟ್ಟನೆಂಬ ಐತಿಹ್ಯವನ್ನು ಈ ಸೀಮೆಯಲ್ಲಿ ಅರಿಯದವರಿಲ್ಲ. ಆದರೆ ಶಾಸನಗಳಲ್ಲಿ ಈ ಊರುಗಳಿಗೆ ‘ಪಿರಿಯ ಮುಗುಳಿ’, ‘ಕಿರಿಯ ಮುಗುಳಿ’ ಎಂಬ ಹೆಸರುಗಳಿವೆ. ಅಲ್ಲಿ ಮಗಳ ಸುಳಿವೇ ಇಲ್ಲ! ‘ಮುಗುಳಿ’ ಎಂಬುದರ ಅರ್ಥವನ್ನು ಜನ ಮರೆತ ಮೇಲೆ, ಕಿವಿಗೆ ಹತ್ತಿರವಾದ ‘ಮಗಳು’ ಅದರ ಸ್ಥಾನಕ್ಕೆ ಬಂದಳು. ಮಗಳು ಬಂದ ಮೇಲೆ ತಂದೆಯೂ ಬಳುವಳಿಯೂ ಬರಲೇಬೇಕಷ್ಟೆ.

‘ಪಿರಿಯ’ವು ‘ಹಿರೇ’ ಆದುದು ಮಾತ್ರ ಕಲ್ಪನೆಯ ಕೆಲಸವಲ್ಲ, ಭಾಷೆಯ ನಿಯಮ. ಹಳಗನ್ನಡದ ಪದಾದಿಯ ಪಕಾರವು ಕಾಲಕ್ರಮದಲ್ಲಿ ಹಕಾರವಾಯಿತು: ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ತಮಿಳು ಇಂದಿಗೂ ಪಕಾರವನ್ನೇ ಉಳಿಸಿಕೊಂಡಿದೆ. ಯೂರೋಪಿನಲ್ಲಿಯೂ ಇದಕ್ಕೆ ಸದೃಶವಾದ ಮಾರ್ಪಾಡೊಂದು ನಡೆಯಿತು. ಸಂಸ್ಕೃತದ ‘ಪಿತೃ’, ಲ್ಯಾಟಿನ್ನಿನ ‘ಪಾಟೆರ್’ ಶಬ್ದಗಳಲ್ಲಿರುವ ಪಕಾರವು ಇಂಗ್ಲಿಷಿನ ‘ಫಾದರ್’ ಶಬ್ದದಲ್ಲಿ ಫಕಾರವಾಗಿದೆ. ಭಾಷೆಗಳ ನಂಟನ್ನು ನಿರ್ಣಯಿಸುವುದು ಇಂಥ ಕ್ರಮಬದ್ಧ ವ್ಯತ್ಯಾಸಗಳೇ ಹೊರತು ಕೇವಲ ಧ್ವನಿಸಾಮ್ಯವಲ್ಲ. ಪ್ರಾಚೀನ ಮೆಸೊಪೊಟೇಮಿಯಾದಲ್ಲಿ ‘ಉರ್’ ಎಂಬ ನಗರವಿತ್ತೆಂದು ನಮ್ಮ ಕಡೂರಿನ ‘ಊರ’ನ್ನು ಅದಕ್ಕೆ ಕಟ್ಟಿಹಾಕುವ ಉತ್ಸಾಹವು ಆಗಾಗ ಕಾಣಿಸಿಕೊಳ್ಳುತ್ತದೆ, ಅದಕ್ಕೆ ಈ ಬಗೆಯ ಆಧಾರವಿಲ್ಲ.

ಹೊಯ್ಸಳರ ಹೆಸರೂ ಇದೇ ದಾರಿಯಲ್ಲಿ ನಡೆಯಿತು. ಸಳನೆಂಬ ವೀರನು ಗುರುವಿನ ಆಜ್ಞೆಯಂತೆ ಹುಲಿಯನ್ನು ಹೊಯ್ದ ಕಥೆಯು ವಿಷ್ಣುವರ್ಧನನ ಕಾಲದ, ೧೧೧೭ರ ಬೇಲೂರು ಶಾಸನದಲ್ಲಿದೆ. ಹನ್ನೊಂದನೆಯ ಶತಮಾನದ ಶಾಸನಗಳಲ್ಲಾಗಲೇ ‘ಪೊಯ್ಸಳ’ ಎಂಬ ವಂಶನಾಮವು ಕಾಣುತ್ತದೆ. ಎಂದರೆ ಹೆಸರು ಮೊದಲು, ಬರಹಕ್ಕಿಳಿದ ಕಥೆ ಆಮೇಲೆ. ಆ ಕಥೆ ನಡೆದ ಸೊಸೆವೂರು ಎಲ್ಲಿದ್ದಿತೆಂಬುದು ಮರೆತುಹೋಗಿತ್ತು. ಅದು ಮೂಡಿಗೆರೆ ತಾಲ್ಲೂಕಿನ ಅಂಗಡಿಯೆಂಬ ಗ್ರಾಮವೇ ಎಂದು ರೈಸರು ಗುರುತಿಸಿದರು. ಒಂದು ರಾಜವಂಶದ ಮೂಲಸ್ಥಾನವು ವ್ಯಾಪಾರದ ಮಳಿಗೆಯ ಹೆಸರನ್ನು ಹೊತ್ತು ಮಲೆನಾಡಿನ ಮರೆಯಲ್ಲಿ ಉಳಿದುಕೊಂಡಿತ್ತು.

ರೈಸರು ಐತಿಹ್ಯಗಳನ್ನು ಹೀಗಳೆದವರಲ್ಲ. ತಾವು ರಚಿಸಿದ ಮೈಸೂರು ಗೆಜೆಟಿಯರಿನಲ್ಲಿ ಅವನ್ನು ಆದರದಿಂದಲೇ ದಾಖಲಿಸಿದರು. ವೀರಬಲ್ಲಾಳನು ಮುದುಕಿಯೊಬ್ಬಳ ಗುಡಿಸಿಲಿನಲ್ಲಿ ಬೆಂದ ಕಾಳನ್ನು ತಿಂದುದರಿಂದ ಬೆಂಗಳೂರಿಗೆ ಆ ಹೆಸರು ಬಂದಿತೆಂಬ ಕಥೆಯೂ ಅಲ್ಲಿದೆ. ೧೯೦೬ರಲ್ಲಿ ರೈಸರು ನಿವೃತ್ತರಾದ ಮೇಲೆ ಅವರ ಸ್ಥಾನಕ್ಕೆ ಬಂದ ಆರ್. ನರಸಿಂಹಾಚಾರ್ಯರು ಬೇಗೂರಿನಲ್ಲಿ ಒಂದು ವೀರಗಲ್ಲನ್ನು ಬೆಳಕಿಗೆ ತಂದರು. ಒಂಬತ್ತನೆಯ ಶತಮಾನದ ಕೊನೆಯ ಆ ಗಂಗರ ಕಾಲದ ಕಲ್ಲಿನಲ್ಲಿ ಬೆಂಗಳೂರಿನ ಕಾಳಗದ ಉಲ್ಲೇಖವಿದೆ. ಬಲ್ಲಾಳನು ಹುಟ್ಟುವುದಕ್ಕೆ ಎರಡು ಶತಮಾನಗಳಿಗೂ ಹಿಂದೆಯೇ ಊರಿಗೆ ಆ ಹೆಸರಿದ್ದಿತು. ಗುರುವಿನ ಗ್ರಂಥದಲ್ಲಿದ್ದ ಕಥೆಯನ್ನು ಗುರುವು ಕಲಿಸಿದ ಮಾರ್ಗವೇ ತಿದ್ದಿತು.

ರೈಸರ ಶೋಧಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ೧೮೯೨ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ದೊರೆತ ಅಶೋಕನ ಶಾಸನಗಳು. ಪ್ರಾಕೃತದ ಆ ಶಾಸನವು ‘ಇಸಿಲ’ವೆಂಬ ಸ್ಥಳದ ಅಧಿಕಾರಿಗಳನ್ನುದ್ದೇಶಿಸಿ ಬರೆದುದು. ಈ ಸ್ಥಳನಾಮವು ಬಾಣ ಬಿಡುವುದನ್ನು ಸೂಚಿಸುವ ಕನ್ನಡ ಧಾತುವಿನಿಂದ ಬಂದುದೆಂದು ಡಿ. ಎಲ್. ನರಸಿಂಹಾಚಾರ್ಯರು ಮುಂದೆ ಅಭಿಪ್ರಾಯಪಟ್ಟರು. ಅದನ್ನು ಒಪ್ಪುವುದಾದರೆ, ಕಲ್ಲಿನ ಮೇಲೆ ನಮಗೆ ದೊರೆತಿರುವ ಅತ್ಯಂತ ಹಳೆಯ ಕನ್ನಡದ ಮಾತು ಒಂದು ಊರಿನ ಹೆಸರು.

ಇಂಗ್ಲೆಂಡಿಗೆ ತೆರಳಿದ ರೈಸರು ೧೯೦೯ರಲ್ಲಿ, ಶಾಸನಗಳ ಆಧಾರದಿಂದ ಮೈಸೂರು ಮತ್ತು ಕೊಡಗಿನ ಚರಿತ್ರೆಯನ್ನು ಬರೆದು ಪ್ರಕಟಿಸಿದರು. ೧೯೨೭ರ ಜುಲೈ ತಿಂಗಳಲ್ಲಿ ಹ್ಯಾರೋ ಪಟ್ಟಣದಲ್ಲಿ ದೈವಾಧೀನರಾದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ೧೯೭೨ರಿಂದ ಅವರ ಸಂಪುಟಗಳನ್ನು ಪರಿಷ್ಕರಿಸಿ ಪ್ರಕಟಿಸಲಾರಂಭಿಸಿದಾಗ ವಿದ್ವಾಂಸರು ಹಳ್ಳಿಗಳಿಗೆ ಮತ್ತೆ ಹೋಗಿ ಕಲ್ಲುಗಳನ್ನು ಹುಡುಕಿದರು. ಹೊಸ ಶಾಸನಗಳು ಎಷ್ಟೋ ದೊರೆತವು. ಹಳೆಯವು ಕೆಲವು ದೊರೆಯಲಿಲ್ಲ. ಕಾಣೆಯಾದ ಆ ಕಲ್ಲುಗಳ ಪಾಠವನ್ನು ರೈಸರ ಪುಟಗಳಿಂದಲೇ ಎತ್ತಿಕೊಳ್ಳಬೇಕಾಯಿತು.